ಕೃತಕ ಕವಾಟದ ರಕ್ತಹೆಪ್ಪು

ಹೃದಯದಲ್ಲಿ ಕೂರಿಸಿದ ಯಾಂತ್ರಿಕ ಕವಾಟದ ಮೇಲೆ ರಕ್ತ ಹೆಪ್ಪುಗಟ್ಟಿ, ತೆರೆದು ಮುಚ್ಚುವ ಅದರ ಬಿಲ್ಲೆಯ ಓಡಾಟಕ್ಕೆ ಅಡ್ಡಿಯಾಗುವ ಸ್ಥಿತಿ. ಮಹಾಪಧಮನಿಯ ಕವಾಟಕ್ಕಿಂತ ಮೈಟ್ರಲ್ ಕವಾಟದಲ್ಲಿ ಇದು ಹೆಚ್ಚು. ಹೆಪ್ಪುರೋಧಕ ಮಾತ್ರೆ ನಿಂತಿರುವುದು ಅಥವಾ ಸಾಲದಿರುವುದು ಸಾಮಾನ್ಯ ಕಾರಣ. ಏದುಸಿರು, ಪಾರ್ಶ್ವವಾಯು, ಕವಾಟದ ಟಿಕ್ ಸದ್ದು ಮಂಕಾಗುವುದು ಇದರ ಲಕ್ಷಣಗಳು.

ಚಿತ್ರಣ: ಮೊದಲಿಗೆ ಎದೆಯ ಮೇಲಿನಿಂದ ಎಕೋ. ಕವಾಟದ ಆಚೀಚೆಗಿನ ಒತ್ತಡದ ಅಂತರ ಏರಿದೆಯೇ ಎಂಬುದನ್ನು ಡಾಪ್ಲರ್ ಹೇಳುತ್ತದೆ. ಆದರೆ ಲೋಹದ ನೆರಳು ಬಿದ್ದು ಎಡ ಹೃತ್ಕರ್ಣ ಮರೆಯಾಗುವುದರಿಂದ, ಅನ್ನನಾಳದೊಳಗಿಂದ ನೋಡುವ ಎಕೋ ಬೇಕಾಗುತ್ತದೆ. ಎಕ್ಸ್-ರೇ ಬಳಸುವ ಫ್ಲೋರೋಸ್ಕೋಪಿಯಲ್ಲಿ ಬಿಲ್ಲೆ ತೆರೆಯುವ ಕೋನವನ್ನೇ ಅಳೆಯಬಹುದು. ಎಕ್ಸ್-ರೇಗೆ ಕಾಣಲೆಂದು ಕೆಲವು ಕವಾಟಗಳ ಬಿಲ್ಲೆಗೆ ಟಂಗ್‌ಸ್ಟನ್ ಸೇರಿಸಿರುತ್ತಾರೆ.

ಭಾರತದ ಚಿತ್ರಾ ಕವಾಟಕ್ಕೆ ಈ ಅನುಕೂಲವಿಲ್ಲ. ತಿರುವನಂತಪುರದ ಶ್ರೀ ಚಿತ್ರಾ ತಿರುನಾಳ್ ಸಂಸ್ಥೆಯಲ್ಲಿ, ಮುಂದೆ ಮಣಿಪಾಲ ವಿಶ್ವವಿದ್ಯಾಲಯದ ಕುಲಪತಿಯಾದ ಎಂ. ಎಸ್. ವಲಿಯತ್ತಾನ್ ಅವರ ಮುಂದಾಳತ್ವದಲ್ಲಿ ಇದು ರೂಪುಗೊಂಡಿತು. ಹಿಂದಿನ ಮೂರು ಮಾದರಿಗಳನ್ನು ಕೈಬಿಡಬೇಕಾಯಿತು. ಸಫೈರ್ ಹರಳಿನ ಬಿಲ್ಲೆಯನ್ನೂ ಪ್ರಯೋಗಿಸಿ ಬಿಟ್ಟರು. ನಾಲ್ಕನೆಯದಕ್ಕೆ ಕೋಬಾಲ್ಟ್ ಮಿಶ್ರಲೋಹದ ಚೌಕಟ್ಟು, ಅತ್ಯಧಿಕ ಅಣುತೂಕದ ಪಾಲಿಎಥಿಲೀನ್ ಬಿಲ್ಲೆ. 1990ರ ಡಿಸೆಂಬರ್ 6ರಂದು ಅದನ್ನು ಮೊದಲ ಬಾರಿಗೆ ರೋಗಿಗೆ ಅಳವಡಿಸಲಾಯಿತು. ಪಾಲಿಎಥಿಲೀನ್ ಸವೆಯುವುದು ಕಡಿಮೆ, ಸದ್ದೂ ಕಡಿಮೆ. ಆದರೆ ಎಕ್ಸ್-ರೇ ಅದನ್ನು ಹಾದುಹೋಗುವುದರಿಂದ ಪರದೆಯ ಮೇಲೆ ಚೌಕಟ್ಟಷ್ಟೇ ಕಾಣುತ್ತದೆ. ಸದ್ದು ಮೊದಲೇ ಮೆಲ್ಲಗಿರುವ ಕಾರಣ ಕಿವಿಗೆ ಸಿಗುವ ಸುಳಿವೂ ದುರ್ಬಲ. ಹೀಗಾಗಿ ರೋಗಿಯ ಚೀಟಿಯಲ್ಲಿ ಕವಾಟದ ಹೆಸರು ಬರೆದಿರುವುದು ಔಷಧಿಯ ಹೆಸರಿನಷ್ಟೇ ಮುಖ್ಯ.

ಸಿಟಿ ಸ್ಕ್ಯಾನ್, ಹೆಪ್ಪನ್ನು ಕವಾಟದ ಅಂಚಿನಿಂದ ಬೆಳೆಯುವ ನಾರು ಅಂಗಾಂಶದಿಂದ ಬೇರ್ಪಡಿಸಲು ನೆರವಾಗುತ್ತದೆ. ಸಾಂದ್ರತೆ 145 ಹೌನ್ಸ್‌ಫೀಲ್ಡ್ ಮಾನ ದಾಟಿದರೆ ನಾರು ಅಂಗಾಂಶದ ಸಂಭವ ಹೆಚ್ಚು, 90ರ ಒಳಗಿದ್ದರೆ ಔಷಧಿಗೆ ಕರಗುವ ಹೆಪ್ಪಿನದು. ನಡುವಿನ ಅಂಕಿಗಳಲ್ಲಿ ತೀರ್ಮಾನ ಸುಲಭವಲ್ಲ.

ಹೆಪ್ಪುರೋಧ: ವಾರ್ಫರಿನ್ ಅಥವಾ ಭಾರತದಲ್ಲಿ ಹೆಚ್ಚು ಬಳಕೆಯ ಅಸಿನೊಕೌಮರಾಲ್, ಜೀವನಪರ್ಯಂತ. ಮೈಟ್ರಲ್ ಕವಾಟಕ್ಕೆ ಐಎನ್‌ಆರ್ (ರಕ್ತ ಹೆಪ್ಪುಗಟ್ಟುವ ಸಮಯದ ಅಳತೆ) ಗುರಿ ಸಾಮಾನ್ಯವಾಗಿ 2.5ರಿಂದ 3.5. ಈ ಔಷಧಿಗಳ ಕೆಲಸಕ್ಕೆ ಅಡ್ಡಿಯಾಗುತ್ತದೆಂದು ಸೊಪ್ಪು ತಿನ್ನಬಾರದೆಂಬ ನಂಬಿಕೆ ಅತಿಯಾದದ್ದು. ದಿನದಿನಕ್ಕೆ ಪ್ರಮಾಣ ಏರುಪೇರಾಗದಿದ್ದರೆ ಸಾಕು. ಪದೇ ಪದೇ ರಕ್ತಪರೀಕ್ಷೆ ಬೇಡದ ಡಾಬಿಗಾಟ್ರಾನ್ ಎಂಬ ಹೆಪ್ಪುರೋಧಕದ ಮೇಲೆ ನಿರೀಕ್ಷೆಯಿತ್ತು. ಆದರೆ ಯಾಂತ್ರಿಕ ಕವಾಟದವರ ಮೇಲಿನ ಅದರ ಪ್ರಯೋಗದಲ್ಲಿ ಹೆಪ್ಪು, ರಕ್ತಸ್ರಾವ ಎರಡೂ ಹೆಚ್ಚಿದ್ದರಿಂದ ಅವಧಿಗೆ ಮುನ್ನವೇ ನಿಲ್ಲಿಸಲಾಯಿತು. ಫಲಿತಾಂಶ 2013ರಲ್ಲಿ ಪ್ರಕಟವಾಯಿತು.

ಕವಾಟ ಸಿಕ್ಕಿಕೊಂಡಾಗ ಹೆಪ್ಪು ಕರಗಿಸುವ ಔಷಧಿಯನ್ನು ಕಡಿಮೆ ಪ್ರಮಾಣದಲ್ಲಿ, ನಿಧಾನವಾಗಿ ಹರಿಸುವ ಕ್ರಮ ಇತ್ತೀಚೆಗೆ ಬಳಕೆಗೆ ಬಂದಿದೆ. ನಾರು ಅಂಗಾಂಶ ಇದಕ್ಕೆ ಕರಗದು. ಅದಕ್ಕೆ ಮತ್ತೆ ಶಸ್ತ್ರಚಿಕಿತ್ಸೆಯೇ ಆಗಬೇಕು.