ಮೊಡವೆಯಲ್ಲ, ರೊಸೇಶಿಯಾ: ಮುಖದ ಉರಿಗೆ ಕ್ರೀಮೇ ಕಾರಣವಾದೀತು

ಕಲಬುರಗಿ ಜಿಲ್ಲೆಯ ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳಲ್ಲಿ ಬೇಸಿಗೆಯ ತಾಪಮಾನ 40 ಡಿಗ್ರಿ ದಾಟುವುದು ವಾಡಿಕೆ. ಹೊಲದ ಬಿಸಿಲು, ರೊಟ್ಟಿ ಸುಡುವ ಒಲೆಯ ಝಳ, ಖಾರದ ಊಟ, ಬಿಸಿ ಚಹಾ - ರೊಸೇಶಿಯಾ ಎಂಬ ದೀರ್ಘಕಾಲೀನ ಚರ್ಮರೋಗವನ್ನು ಕೆರಳಿಸುವ ಅಂಶಗಳೆಲ್ಲ ಇಲ್ಲಿನ ದಿನಚರಿಯಲ್ಲೇ ಇವೆ.

ಕೆನ್ನೆ, ಮೂಗು, ಹಣೆ, ಗಲ್ಲ ಪದೇ ಪದೇ ಕೆಂಪಾಗಿ ಉರಿಯುವುದು, ಸೂಕ್ಷ್ಮ ರಕ್ತನಾಳಗಳು ಗೋಚರಿಸುವುದು ಇದರ ಲಕ್ಷಣ. ಗುಳ್ಳೆಗಳೂ ಏಳುತ್ತವೆ, ಆದರೆ ಮೊಡವೆಯಲ್ಲಿರುವಂತೆ ಕಪ್ಪು ಚುಕ್ಕೆಗಳಿರುವುದಿಲ್ಲ. ಕಂದು ಮೈಬಣ್ಣದವರಲ್ಲಿ ಕೆಂಪು ಎದ್ದು ಕಾಣದ ಕಾರಣ ರೋಗ ಬಹುಕಾಲ ಗುರುತಾಗದೇ ಉಳಿಯುವುದುಂಟು. ಅಂಥವರಿಗೆ ಉರಿಯೇ ಸುಳಿವು. ಕಣ್ಣಿನಲ್ಲಿ ಮರಳು ಬಿದ್ದಂತೆ ಚುಚ್ಚಿದರೆ ತಡಮಾಡಬಾರದು. ರೋಗ ಅಂಟುವಂಥದ್ದಲ್ಲ.

ಹೆಚ್ಚು ಹಾನಿ ಮಾಡುವುದು ಬಿಸಿಲಿಗಿಂತ ಬೆಳ್ಳಗಾಗುವ ಹಂಬಲವೇ ಎನ್ನಬೇಕು. ಸ್ಟೀರಾಯ್ಡ್ ಬೆರೆತ ಕ್ರೀಮು ಹಚ್ಚಿದಾಗ ಆರಂಭದಲ್ಲಿ ಮುಖ ತಿಳಿಯಾಗುತ್ತದೆ. ತಿಂಗಳುಗಟ್ಟಲೆ ಬಳಸಿದರೆ ಚರ್ಮ ತೆಳುವಾಗಿ, ರೊಸೇಶಿಯಾವನ್ನೇ ಹೋಲುವ ಕೆಂಪು, ಗುಳ್ಳೆ ಕಾಣಿಸಿಕೊಳ್ಳುತ್ತವೆ. ಹಚ್ಚುವುದನ್ನು ನಿಲ್ಲಿಸಿದರೆ ಉರಿ ಇಮ್ಮಡಿಸುತ್ತದೆ. ತಾಳಲಾರದೆ ಮತ್ತೆ ಅದನ್ನೇ ಹಚ್ಚುತ್ತಾರೆ. ಕೇಂದ್ರ ಸರ್ಕಾರ 2018ರಲ್ಲಿ 14 ಬಗೆಯ ಸ್ಟೀರಾಯ್ಡ್ ಲೇಪನಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರುವಂತಿಲ್ಲ ಎಂದು ಅಧಿಸೂಚನೆ ಹೊರಡಿಸಿತು. ಇಂತಹ ಕ್ರೀಮನ್ನು ಬಿಡುವುದೂ ಚರ್ಮವೈದ್ಯರ ನಿಗಾದಲ್ಲೇ ಆಗಬೇಕು.

ರೊಸೇಶಿಯಾಕ್ಕೆ ಶಾಶ್ವತ ಪರಿಹಾರವಿಲ್ಲ, ಹತೋಟಿ ಸಾಧ್ಯ. ಮೆಟ್ರೊನಿಡಜೋಲ್, ಅಜಿಲಾಯಿಕ್ ಆಮ್ಲ ಅಥವಾ ಐವರ್‌ಮೆಕ್ಟಿನ್ ಲೇಪನವನ್ನು ವೈದ್ಯರು ಸೂಚಿಸುತ್ತಾರೆ. ಗುಳ್ಳೆ ಹೆಚ್ಚಿದ್ದರೆ ಡಾಕ್ಸಿಸೈಕ್ಲಿನ್ ಮಾತ್ರೆ. ಗರ್ಭಿಣಿಯರಿಗೆ ಇದು ಸಲ್ಲದು. ಸೌಮ್ಯ ಸೋಪು, ಎಸ್‌ಪಿಎಫ್ 30ಕ್ಕೆ ಕಡಿಮೆಯಿಲ್ಲದ ಸನ್‌ಸ್ಕ್ರೀನ್ ಒಳಿತು. ನಿಂಬೆರಸ ಹಚ್ಚುವ ಮನೆಮದ್ದು ಮಾತ್ರ ಬೇಡ.