ಅದೇ ತಂತಿ, ಎರಡು ಇಂಟರ್ನೆಟ್ಟು

ಎಲೆಕ್ಟ್ರಾನಿಕ್ ಸಿಟಿ ಅಂದರೆ ಗಾಜಿನ ಕಟ್ಟಡಗಳು ಕಣ್ಮುಂದೆ ಬರುತ್ತವೆ. ಆ ನೆಲ ಮೊದಲು ಕೋನಪ್ಪನ ಅಗ್ರಹಾರ, ದೊಡ್ಡತೋಗೂರು ಎಂಬ ಹಳ್ಳಿಗಳದ್ದು. 1970ರ ದಶಕದ ಕೊನೆಯಲ್ಲಿ ಕಿಯೋನಿಕ್ಸ್‌ನ ಆರ್. ಕೆ. ಬಾಳಿಗ ಅವರು ಇಲ್ಲಿನ 332 ಎಕರೆಯಲ್ಲಿ ಕೈಗಾರಿಕಾ ಬಡಾವಣೆ ಮಾಡಿಸಿದರು.

1991ರಲ್ಲಿ ಕೇಂದ್ರ ಸರ್ಕಾರ ಸಾಫ್ಟ್‌ವೇರ್ ಟೆಕ್ನಾಲಜಿ ಪಾರ್ಕ್ಸ್ ಸಂಸ್ಥೆಯನ್ನು ಶುರುಮಾಡಿತು. ಅದರ ಬೆಂಗಳೂರು ಕೇಂದ್ರ ಕೂತದ್ದು ಇಲ್ಲೇ. ದೊಡ್ಡ ಡಿಶ್ ಆಂಟೆನಾ ನಿಲ್ಲಿಸಿ ಉಪಗ್ರಹದ ಮೂಲಕ ವಿದೇಶಕ್ಕೆ ಸಂಪರ್ಕ ಕೊಟ್ಟಿತು. ಅಲ್ಲಿಂದ ಕಂಪನಿಗಳಿಗೆ ಟವರ್ ಮೇಲಿನ ಮೈಕ್ರೋವೇವ್ ರೇಡಿಯೋ. ರಸ್ತೆ ಅಗೆದು ಕೇಬಲ್ ಎಳೆಯುವ ಗೋಜೇ ಇಲ್ಲ. ಆಗಿನ ಲೈನಿನ ವೇಗ 64 ಕೆಬಿಪಿಎಸ್, ಅಂದರೆ ಸೆಕೆಂಡಿಗೆ 64 ಸಾವಿರ ಬಿಟ್. ಇವತ್ತು ನಗು ಬರಬಹುದು, ಆದರೆ ಹಗಲು ರಾತ್ರಿ ಕಡಿಯದ ಲೈನದು. ವೈಟ್‌ಫೀಲ್ಡ್‌ನ ಐಟಿಪಿಎಲ್ ಅಂತೂ ಮುಂದೆ ತನ್ನದೇ ವಿದ್ಯುತ್ ಸ್ಥಾವರವನ್ನೂ ಇಟ್ಟುಕೊಂಡಿತು. ಹೀಗೆ ಇಂಟರ್ನೆಟ್ಟು ಹಳ್ಳಿಯ ತಲೆಯ ಮೇಲೆ ಹಾರಿಹೋಯಿತು.

ಮನೆಗಳಿಗೆ ಇದ್ದದ್ದು ಟೆಲಿಫೋನಿನ ತಾಮ್ರದ ತಂತಿ ಒಂದೇ.

1995ರ ಆಗಸ್ಟ್ 15ರಂದು ವಿಎಸ್‌ಎನ್‌ಎಲ್ ದೇಶದಲ್ಲಿ ಸಾರ್ವಜನಿಕರಿಗೆ ಇಂಟರ್ನೆಟ್ ತೆರೆಯಿತು. ಮೊದಲು ನಾಲ್ಕು ಮಹಾನಗರ, ಆಮೇಲೆ ಬೆಂಗಳೂರು. ಇದೇ ಡಯಲ್-ಅಪ್. ಫೋನ್ ತಂತಿ ಹುಟ್ಟಿದ್ದು ಮಾತಿಗಾಗಿ. ಕಂಪ್ಯೂಟರಿನ ಲೆಕ್ಕವನ್ನು ಮೋಡೆಮ್ ಸದ್ದಾಗಿ ಬದಲಿಸಿ, ಮಾತು ಹೋಗುವ ದಾರಿಯಲ್ಲೇ ಕಳಿಸುತ್ತಿತ್ತು. ಆ ಕೀರಲು ಸದ್ದು ಕೇಳಿದವರು ಮರೆತಿರಲಿಕ್ಕಿಲ್ಲ. ನೆಟ್ ನಡೆಯುತ್ತಿದ್ದರೆ ಫೋನ್ ಎಂಗೇಜ್. ಒಳಕೋಣೆಯಲ್ಲಿ ಯಾರಾದರೂ ಪ್ಯಾರಲಲ್ ಫೋನಿನ ರಿಸೀವರ್ ಎತ್ತಿದರೆ ಮುಗೀತು, ಮತ್ತೆ ಡಯಲ್ ಮಾಡಬೇಕು. ಇಂಟರ್ನೆಟ್ ಖಾತೆಗೆ ದುಡ್ಡು ಕಟ್ಟಿದ ಮೇಲೂ ಫೋನ್ ಬಿಲ್ ಬೇರೆ ಓಡುತ್ತಿತ್ತು.

ಒಂದು ಎಂಬಿಯ ಫೋಟೋ ತಗೊಳ್ಳಿ. ಮೊದಮೊದಲಿನ 9.6 ಕೆಬಿಪಿಎಸ್ ವೇಗದಲ್ಲಿ ಅದು ಇಳಿಯಲು ಸುಮಾರು 14 ನಿಮಿಷ. ಡಯಲ್-ಅಪ್ ಮುಟ್ಟಿದ ತುತ್ತತುದಿ 56 ಕೆಬಿಪಿಎಸ್, ಅದರಲ್ಲಿ ಎರಡೂಕಾಲು ನಿಮಿಷದ ಮೇಲೆ, ಅದೂ ಲೈನ್ ಚೊಕ್ಕವಾಗಿದ್ದರೆ. ಇವತ್ತು ನೀವು ವಾಟ್ಸ್ಯಾಪ್‌ನಲ್ಲಿ ಒತ್ತಿದ ತಕ್ಷಣ ಹೋಗುತ್ತದೆ.

2004ರ ಅಕ್ಟೋಬರ್‌ನಲ್ಲಿ ಕೇಂದ್ರದ ಬ್ರಾಡ್‌ಬ್ಯಾಂಡ್ ನೀತಿ ಬಂತು. ಕನಿಷ್ಠ 256 ಕೆಬಿಪಿಎಸ್ ವೇಗ, ಸದಾ ಚಾಲೂ ಇರುವ ಸಂಪರ್ಕ. 2005ರಲ್ಲಿ ಬಿಎಸ್‌ಎನ್‌ಎಲ್ 'ಡೇಟಾ ಒನ್' ಶುರುವಾಯಿತು. ಅದೇ ಫೋಟೋಗೆ ಈಗ ಅರ್ಧ ನಿಮಿಷ ಸಾಕು.

ಸೋಜಿಗ ಅಂದರೆ ತಂತಿ ಬದಲಾಗಲಿಲ್ಲ! ಮಾತು ಬಳಸುವುದು ತಂತಿಯ ಕೆಳಗಿನ ಕಂಪನಗಳನ್ನು ಮಾತ್ರ. ಮೇಲಿನವು ಖಾಲಿ ಬಿದ್ದಿದ್ದವು. ಎಡಿಎಸ್‌ಎಲ್ ಎಂಬ ವಿಧಾನ ಆ ಖಾಲಿ ಜಾಗದಲ್ಲಿ ಇಂಟರ್ನೆಟ್ ಹರಿಸಿತು. ಸ್ಪ್ಲಿಟರ್ ಎಂಬ ಪುಟ್ಟ ಡಬ್ಬಿ ಎರಡನ್ನೂ ಬೇರೆ ಮಾಡಿತು. ಅಮ್ಮ ಫೋನಿನಲ್ಲಿ ಮಾತಾಡುತ್ತಿದ್ದಾಗಲೇ ಮಗ ಫಲಿತಾಂಶ ನೋಡಬಹುದಾಯಿತು. ವೇಗಕ್ಕಿಂತ ಇದೇ ದೊಡ್ಡ ಬದಲಾವಣೆ ಅಂತ ನನಗನ್ನಿಸುತ್ತದೆ. ನಿಮಿಷದ ಲೆಕ್ಕ ಹೋಗಿ ಎಂಬಿ ಲೆಕ್ಕ ಬಂತು ಅನ್ನೋದು ಬೇರೆ ಮಾತು. ರಾತ್ರಿ ಎರಡರಿಂದ ಬೆಳಿಗ್ಗೆ ಎಂಟರವರೆಗೆ ಲೆಕ್ಕವಿಲ್ಲ ಎಂಬ ಪ್ಲಾನ್ ಇದ್ದಾಗ, ಡೌನ್‌ಲೋಡಿಗೆ ಅಲಾರಂ ಇಟ್ಟು ಎದ್ದವರು ಎಷ್ಟೋ ಜನ.

ಆದರೆ ಹಳ್ಳಿಗೆ ಪೆಟ್ಟು ಬಿದ್ದದ್ದು ಇಲ್ಲೇ. ತಾಮ್ರದ ಮೇಲೆ ಎತ್ತರದ ಕಂಪನಗಳು ದೂರ ಹೋದಷ್ಟೂ ಸೊರಗುತ್ತವೆ. ಎಕ್ಸ್‌ಚೇಂಜಿನಿಂದ ನಾಲ್ಕೈದು ಕಿಲೋಮೀಟರ್ ದಾಟಿದರೆ ಎಡಿಎಸ್‌ಎಲ್ ಕೈಕೊಡುತ್ತದೆ. ಎಕ್ಸ್‌ಚೇಂಜಿನಲ್ಲಿ ಅದಕ್ಕೆ ಬೇರೆ ಯಂತ್ರವೂ ಬೇಕು. ಫೋನ್ ರಿಂಗಾಗುವ ಕಡೆಯೆಲ್ಲ ನಿಧಾನದ ಡಯಲ್-ಅಪ್ ಹೇಗೋ ತೆವಳಿಕೊಂಡು ಬರುತ್ತಿತ್ತು. ವೇಗದ ಬ್ರಾಡ್‌ಬ್ಯಾಂಡ್ ಎಕ್ಸ್‌ಚೇಂಜಿನ ಸುತ್ತಲೇ ನಿಂತಿತು. ತೋಟದ ಮನೆಗೆ 'ಲೈನ್ ಫೀಸಿಬಲ್ ಇಲ್ಲ' ಎಂಬ ಉತ್ತರ.

ಆ ಕಾಯುವಿಕೆ ಬಹುತೇಕ ಹಳ್ಳಿಗಳಿಗೆ ಮುಗಿದದ್ದು ಮೊಬೈಲ್ ಟವರಿನಿಂದ, ಅದರಲ್ಲೂ 2016ರ ನಂತರ 4ಜಿ ಅಗ್ಗವಾದ ಮೇಲೆ. 1990ರ ದಶಕದಲ್ಲಿ ಕಂಪನಿಗಳಿಗೆ ಸಿಕ್ಕ ಗಾಳಿಯ ದಾರಿಯೇ ನಮಗೂ ಸಿಕ್ಕಿತು. ಆದರೆ ಅವರದು ಒಬ್ಬರ ಲೈನ್, ನಮ್ಮದು ಇಡೀ ಊರಿನ ಪಾಲು. ಸಂಜೆ ಏಳಕ್ಕೆ ವಿಡಿಯೋ ಸುತ್ತುತ್ತಲೇ ಇರುವುದು ಅದಕ್ಕೇ.

2011ರಲ್ಲಿ ಒಪ್ಪಿಗೆ ಸಿಕ್ಕ, ಈಗ ಭಾರತ್‌ನೆಟ್ ಎಂದು ಕರೆಯುವ ಯೋಜನೆ ಪಂಚಾಯಿತಿಗಳಿಗೆ ಫೈಬರ್ ತರಲು ಹೊರಟದ್ದು. ಗಾಜಿನ ಎಳೆಯಲ್ಲಿ ಹೋಗುವ ಬೆಳಕು ನಾಲ್ಕೈದು ಕಿಲೋಮೀಟರಿಗೆ ಸೊರಗುವುದಿಲ್ಲ. 2023ರಿಂದ ಬ್ರಾಡ್‌ಬ್ಯಾಂಡ್ ಅನ್ನಿಸಿಕೊಳ್ಳಲು ಕನಿಷ್ಠ 2 ಎಂಬಿಪಿಎಸ್ ಬೇಕು. ನಿಮ್ಮ ಪಂಚಾಯಿತಿ ಕಚೇರಿಯ ಗೋಡೆಯ ಮೇಲಿನ ಫೈಬರ್ ಡಬ್ಬಿಯಲ್ಲಿ ದೀಪ ಉರಿಯುತ್ತಿದೆಯಾ, ಅಲ್ಲಿಂದ ಶಾಲೆಗೆ ಎಳೆ ಹೋಗಿದೆಯಾ ಎಂದು ಪಿಡಿಒ ಅವರನ್ನು ಕೇಳಿ ನೋಡಿ.