ಉಪಕೇಂದ್ರದಿಂದ ವಾರ್ಡಿನವರೆಗೆ: ಬೀದರ್, ಭಾಲ್ಕಿ, ಔರಾದ್ ಸೀಮೆಯಲ್ಲಿ ಶುಶ್ರೂಷೆ ಮತ್ತು ನಾಯಕತ್ವ

1956ರ ನವೆಂಬರ್ 1ರಂದು ಹಳೆಯ ಬೀದರ್ ಜಿಲ್ಲೆ ಮೂರು ಪಾಲಾಯಿತು. ಉದಗೀರ, ನಿಲಂಗಾ, ಅಹಮದಪುರ ತಾಲ್ಲೂಕುಗಳು ಮುಂಬೈ ರಾಜ್ಯಕ್ಕೆ ಹೋದವು, ಜಹೀರಾಬಾದ್ ಮತ್ತು ನಾರಾಯಣಖೇಡದ ಕಡೆಯ ಭಾಗ ಆಂಧ್ರಪ್ರದೇಶಕ್ಕೆ ಸೇರಿತು. ಬೀದರ್, ಭಾಲ್ಕಿ, ಹುಮನಾಬಾದ್, ಔರಾದ್ ಸೀಮೆ ಮೈಸೂರು ರಾಜ್ಯಕ್ಕೆ ಬಂತು. ಕಡತಗಳು ಬೇರೆಯಾದವು, ಕಾಯಿಲೆಯವರ ದಾರಿ ಬದಲಾಗಲಿಲ್ಲ. ಔರಾದ್ ಮತ್ತು ಭಾಲ್ಕಿಯ ಗಡಿ ಹಳ್ಳಿಗಳವರು ಇವತ್ತಿಗೂ ಉದಗೀರದ ದವಾಖಾನೆಗೆ ಹೋಗುತ್ತಾರೆ, ದೊಡ್ಡ ಕಾಯಿಲೆಯಾದರೆ ಹೈದರಾಬಾದ್ ಇಲ್ಲವೆ ಸೋಲಾಪುರದ ಬಸ್ಸು ಹತ್ತುತ್ತಾರೆ. ರಾಜಧಾನಿ ಬೆಂಗಳೂರು ಇಲ್ಲಿಂದ ಸುಮಾರು 700 ಕಿ.ಮೀ. ದೂರ. ಇಂಥ ಅಂಚಿನ ಸೀಮೆಯಲ್ಲಿ ಶುಶ್ರೂಷೆಯ ನಾಯಕತ್ವ ಆಸ್ಪತ್ರೆಯ ಕಚೇರಿಯಲ್ಲಿ ಹುಟ್ಟಲಿಲ್ಲ. ಹೆರಿಗೆಯ ಹೊತ್ತಿನಲ್ಲಿ, ವೈದ್ಯರಿಲ್ಲದ ಉಪಕೇಂದ್ರದಲ್ಲಿ, ಒಬ್ಬಳೇ ನಿಂತು ನಿರ್ಧಾರ ಮಾಡಬೇಕಾದ ಹೆಣ್ಣುಮಕ್ಕಳ ಕೈಯಲ್ಲಿ ಅದು ಬೆಳೆಯಿತು. ಅಧಿಕಾರ ಮತ್ತು ಹುದ್ದೆ ಬಹಳ ತಡವಾಗಿ ಅದರ ಹಿಂದೆ ಬಂದವು.

ನಿಜಾಮರ ಕಾಲದಲ್ಲಿ ಹಳ್ಳಿಯ ಬಾಣಂತನವೆಲ್ಲ ದಾಯಿ, ಸೂಲಗಿತ್ತಿಯರದೇ. ತರಬೇತಿ ಪಡೆದ ನರ್ಸ್ ಸಿಗುತ್ತಿದ್ದದ್ದು ಪಟ್ಟಣದ ಸರ್ಕಾರಿ ದವಾಖಾನೆಗಳಲ್ಲಿ, ಮಿಷನ್ ಆಸ್ಪತ್ರೆಗಳಲ್ಲಿ. ಕೊರತೆ ಇಲ್ಲಿಯದಷ್ಟೇ ಆಗಿರಲಿಲ್ಲ. 1946ರ ಭೋರ್ ಸಮಿತಿ ವರದಿಯ ಪ್ರಕಾರ ಇಡೀ ಬ್ರಿಟಿಷ್ ಇಂಡಿಯಾದಲ್ಲಿ ಇದ್ದ ನರ್ಸ್‌ಗಳು ಸುಮಾರು 7,000. ವೈದ್ಯರ ಸಂಖ್ಯೆ ಅದರ ಆರೇಳು ಪಟ್ಟು. ಮರುವರ್ಷ ಭಾರತೀಯ ಶುಶ್ರೂಷಾ ಪರಿಷತ್ತಿನ ಕಾಯ್ದೆ ಬಂತು. ಆದರೆ ನರ್ಸ್ ಆಗಲು ಮೊದಲು ಶಾಲೆ ಕಲಿತ ಹುಡುಗಿ ಬೇಕಲ್ಲ! ಉರ್ದು ಆಡಳಿತ ಭಾಷೆಯಾಗಿದ್ದ ಈ ಸೀಮೆಯಲ್ಲಿ ಹೊರಗೆ ಉರ್ದು ಬೋರ್ಡು ಹಾಕಿ ಒಳಗೆ ಕನ್ನಡ ಕಲಿಸಿದವರು ಭಾಲ್ಕಿ ಹಿರೇಮಠದ ಚನ್ನಬಸವ ಪಟ್ಟದ್ದೇವರು. ಅವರನ್ನು ನಾವು ಕನ್ನಡದ ಹೋರಾಟಗಾರರೆಂದು ನೆನೆಯುತ್ತೇವೆ. ಈ ಭಾಗದ ಮಕ್ಕಳು ಮುಂದೆ ಶಿಕ್ಷಕರಾಗಲು, ನರ್ಸ್ ಆಗಲು ಬೇಕಾದ ಅಕ್ಷರದ ಹಾದಿಯೂ ಅಂಥ ಶಾಲೆಗಳಿಂದಲೇ ತೆರೆಯಿತು ಎಂಬುದನ್ನು ಆರೋಗ್ಯದ ಇತಿಹಾಸ ಬರೆಯುವಾಗ ಬಿಡಬಾರದು.

1951ರಲ್ಲಿ ಪಂಜಾಬಿನ ತರನ್ ತಾರನ್‌ನಲ್ಲಿ ದೇಶದ ಮೊದಲ ಎಎನ್‌ಎಂ, ಅಂದರೆ ಸಹಾಯಕ ಶುಶ್ರೂಷಕಿ-ಸೂಲಗಿತ್ತಿ, ತರಬೇತಿ ಶುರುವಾಯಿತು. ಆಗ ಅದು ಎರಡು ವರ್ಷದ ಕೋರ್ಸು, ಹೆರಿಗೆ ಮಾಡಿಸುವುದೇ ಅದರ ತಿರುಳು. 1973ರಲ್ಲಿ ಕರ್ತಾರ್ ಸಿಂಗ್ ಸಮಿತಿ ಎಎನ್‌ಎಂಗಳನ್ನು ಬಹೂದ್ದೇಶ ಕಾರ್ಯಕರ್ತೆಯರನ್ನಾಗಿ ಮಾಡಲು ಹೇಳಿತು. ಮುಂದೆ ತರಬೇತಿ 18 ತಿಂಗಳಿಗೆ ಇಳಿಯಿತು. ಲಸಿಕೆ, ಮಲೇರಿಯಾ, ಸಮೀಕ್ಷೆ ಎಲ್ಲ ಒಬ್ಬಳ ಹೆಗಲಿಗೆ ಬಿತ್ತು. ಜೊತೆಗೆ ಕುಟುಂಬ ಯೋಜನೆಯ ಟಾರ್ಗೆಟ್ಟು. ಅದನ್ನು ಅಧಿಕೃತವಾಗಿ ಕೈಬಿಟ್ಟದ್ದು 1996ರಲ್ಲಿ. ಆ ಎರಡು ದಶಕಗಳಲ್ಲಿ ನರ್ಸಬಾಯಿಯ ಹೆರಿಗೆ ಕೌಶಲವನ್ನು ಸರ್ಕಾರವೇ ಸವೆಸಿತು ಎಂಬುದು ನನ್ನ ಖಚಿತ ಅಭಿಪ್ರಾಯ. ರಿಜಿಸ್ಟರ್ ತುಂಬಿದಷ್ಟು ಕೈ ಪಳಗಲಿಲ್ಲ.

ತಿರುವು ಬಂದದ್ದು 2005ರಲ್ಲಿ. ಆ ವರ್ಷ ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನ, ಆಶಾ, ಜನನಿ ಸುರಕ್ಷಾ ಯೋಜನೆಗಳು ಒಟ್ಟಿಗೇ ಬಂದವು. ಅದೇ ಹೊತ್ತಿಗೆ ಕೇಂದ್ರ ಸರ್ಕಾರ ತುರ್ತು ಸಂದರ್ಭದಲ್ಲಿ ಕೆಲವು ಔಷಧಗಳನ್ನು ವೈದ್ಯರಿಲ್ಲದೆಯೂ ಕೊಡಲು ಎಎನ್‌ಎಂಗಳಿಗೆ ಅನುಮತಿ ಕೊಟ್ಟಿತು. ಇದರ ಅರ್ಥ ಏನೆಂಬುದನ್ನು ಔರಾದ್ ತಾಲ್ಲೂಕಿನ ಚಿಂತಾಕಿಯ ಕಡೆ ನಿಂತು ನೋಡಬೇಕು. ತುಂಬು ಗರ್ಭಿಣಿಗೆ ಬಿ.ಪಿ. ಏರಿದೆ, ತಲೆ ಸಿಡಿಯುತ್ತಿದೆ, ಕಣ್ಣು ಮಂಜು. ‘ಚಕ್ಕರ್ ಬರ್ಲತದ’ ಎಂದು ಅತ್ತೆ ಹೇಳುತ್ತಿದ್ದಂತೆಯೇ ಫಿಟ್ಸ್ ಬರುತ್ತದೆ. ಶುಶ್ರೂಷಕಿ ಗರ್ಭಿಣಿಯನ್ನು ಎಡಮಗ್ಗುಲಿಗೆ ಹೊರಳಿಸಿ, ಬಾಯಿಯ ನೊರೆ ತೆಗೆದು, ಮ್ಯಾಗ್ನೀಸಿಯಂ ಸಲ್ಫೇಟ್ ಮೊದಲ ಡೋಸು ಕೊಡಬೇಕು: ಎರಡೂ ಪೃಷ್ಠಗಳಿಗೆ 5 ಗ್ರಾಂನಂತೆ, ಸ್ನಾಯುವಿನ ಆಳಕ್ಕೆ, ಒಟ್ಟು 10 ಗ್ರಾಂ. ಆಮೇಲೆ 108 ಆಂಬುಲೆನ್ಸ್‌ನಲ್ಲಿ ಬೀದರ್‌ಗೆ. ಡೋಸು ಕೊಡದೆ ಕಳಿಸಿದರೆ ಹಾದಿಯಲ್ಲೇ ಮತ್ತೆ ಫಿಟ್ಸ್ ಬರಬಹುದು, ತಾಯಿ ಮಗು ಇಬ್ಬರ ಜೀವಕ್ಕೂ ಅಪಾಯ. ಆ ಸಿರಿಂಜು ಹಿಡಿಯುವ ಗಳಿಗೆಯಲ್ಲಿ ಕೇಳಲು ಹಿರಿಯರಾರೂ ಪಕ್ಕದಲ್ಲಿರುವುದಿಲ್ಲ. ನಾಯಕತ್ವದ ಪಾಠಗಳಲ್ಲಿ ಹೇಳುವ ಗುಣಗಳೆಲ್ಲ, ಅಂದಾಜು, ಧೈರ್ಯ, ಮನೆಯವರನ್ನು ಒಪ್ಪಿಸುವ ಮಾತು, ಆ ಹತ್ತು ನಿಮಿಷದಲ್ಲಿ ಬೇಕು.

ವಾರ್ಡಿನ ಕಥೆ ಬೇರೆ. 2007ರಲ್ಲಿ ಬೀದರ್ ವೈದ್ಯಕೀಯ ವಿಜ್ಞಾನಗಳ ಸಂಸ್ಥೆ, ಅಂದರೆ ಬ್ರಿಮ್ಸ್, ಆರಂಭವಾದ ಮೇಲೆ ಜಿಲ್ಲಾ ಕೇಂದ್ರದ ಆಸ್ಪತ್ರೆ ಬೋಧನಾ ಆಸ್ಪತ್ರೆಯಾಯಿತು. ಭಾರತೀಯ ಶುಶ್ರೂಷಾ ಪರಿಷತ್ತಿನ ಮಾನದಂಡದಂತೆ ಬೋಧನಾ ಆಸ್ಪತ್ರೆಯ ಸಾಮಾನ್ಯ ವಾರ್ಡಿನಲ್ಲಿ ಮೂರು ರೋಗಿಗಳಿಗೆ ಒಬ್ಬ ಶುಶ್ರೂಷಕರಿರಬೇಕು, ತೀವ್ರ ನಿಗಾ ಘಟಕದಲ್ಲಿ ಒಬ್ಬರಿಗೆ ಒಬ್ಬರು. ಆದರೆ ನಮ್ಮ ಸರ್ಕಾರಿ ವಾರ್ಡುಗಳಲ್ಲಿ ಮಗ್ಗುಲು ಬದಲಿಸುವುದು, ಗಂಜಿ ಕುಡಿಸುವುದು, ಬೆಡ್‌ಪ್ಯಾನ್ ಕೊಡುವುದು ಮನೆಯವರ ಕೆಲಸ ಎಂದೇ ಎಲ್ಲರೂ ಒಪ್ಪಿಬಿಟ್ಟಿದ್ದಾರೆ. ಸ್ಟಾಫ್ ನರ್ಸ್ ಹುದ್ದೆಗೆ ‘ಶುಶ್ರೂಷಾಧಿಕಾರಿ’ ಎಂಬ ಹೆಸರು ಬಂದದ್ದು ಗೌರವದ ಮಾತೇ. ಆದರೆ ಎಷ್ಟು ಹಾಸಿಗೆಗೆ ಎಷ್ಟು ಜನ ಎಂದು ತೀರ್ಮಾನಿಸುವ ಮೇಜಿನಲ್ಲಿ ಅವರಿಗೂ ಕುರ್ಚಿ ಇರಬೇಕು. ಅದಿಲ್ಲದೆ ಹೆಸರಿನಿಂದ ರೋಗಿಯ ಬೆನ್ನಿನ ಹುಣ್ಣು ಮಾಯುವುದಿಲ್ಲ.

2018ರ ಆಯುಷ್ಮಾನ್ ಭಾರತ್ ಯೋಜನೆ ಮೊದಲ ಬಾರಿಗೆ ಶುಶ್ರೂಷಾ ಪದವೀಧರರಿಗೆ ಹಳ್ಳಿಯಲ್ಲಿ ಹುದ್ದೆಯ ಜೊತೆ ಅಧಿಕಾರವನ್ನೂ ಕೊಟ್ಟಿತು. ಸಮುದಾಯ ಆರೋಗ್ಯ ಅಧಿಕಾರಿ, ಅಂದರೆ ಸಿಎಚ್‌ಒ, ಉಪಕೇಂದ್ರದ ಮುಖ್ಯಸ್ಥರು. 30 ದಾಟಿದವರ ಬಿ.ಪಿ., ಶುಗರ್ ತಪಾಸಣೆ ಮಾಡಿ, ವೈದ್ಯರು ಬರೆದ ಮಾತ್ರೆಯನ್ನು ತಿಂಗಳು ತಿಂಗಳು ಕೊಟ್ಟು, ಬೇಕಾದಾಗ ಇ-ಸಂಜೀವಿನಿಯಲ್ಲಿ ವೈದ್ಯರನ್ನು ಸಂಪರ್ಕಿಸುತ್ತಾರೆ. 2023ರ ರಾಷ್ಟ್ರೀಯ ಶುಶ್ರೂಷಾ ಮತ್ತು ಸೂಲಗಿತ್ತಿ ಆಯೋಗದ ಕಾಯ್ದೆಯನ್ನು ಪರಿಷತ್ತಿನ 1947ರ ಕಾಯ್ದೆಯ ಜಾಗಕ್ಕೆಂದು ತರಲಾಗಿದೆ. ಸಿಎಚ್‌ಒ ವ್ಯವಸ್ಥೆಯಲ್ಲಿ ಒಂದು ಇಕ್ಕಟ್ಟೂ ಇದೆ. ಪದವಿ ಇರುವ ಕಿರಿಯರು ಮುಖ್ಯಸ್ಥರು, ಇಪ್ಪತ್ತು ವರ್ಷದಿಂದ ಮನೆಮನೆ ಬಲ್ಲ ಎಎನ್‌ಎಂ ಅವರ ಕೈಕೆಳಗೆ. ಯಾವ ಮನೆಯಲ್ಲಿ ಸೊಸೆಯ ಮಾತು ನಡೆಯುತ್ತದೆ, ಯಾವ ಮನೆಯಲ್ಲಿ ಮಾವನನ್ನು ಒಪ್ಪಿಸಬೇಕು ಎಂಬುದು ತಿಳಿದಿರುವುದು ಹಿರಿಯರಿಗೆ.

ಮನೆಮನೆ ಬಲ್ಲವರಾಗಲು ಮನೆಮಾತೂ ಗೊತ್ತಿರಬೇಕು. ಭಾಲ್ಕಿ ತಾಲ್ಲೂಕಿನ ಮೆಹಕರ್ ಕಡೆ ಮರಾಠಿ, ಬೀದರ್ ಪೇಟೆಯಲ್ಲಿ ದಖನಿ ಉರ್ದು, ತೆಲಂಗಾಣದ ಅಂಚಿನಲ್ಲಿ ತೆಲುಗು. ‘ಕಣ್ಣು ಮಂಜಾಗಿದೆಯಾ’ ಎಂಬ ಪ್ರಶ್ನೆಯನ್ನು ಗರ್ಭಿಣಿಯ ಮನೆಮಾತಿನಲ್ಲಿ ಕೇಳಲಾಗದಿದ್ದರೆ ಫಿಟ್ಸಿನ ಮುನ್ಸೂಚನೆ ತಪ್ಪಿಹೋಗುತ್ತದೆ. ಸಂವಿಧಾನದ 371ಜೆ ವಿಧಿಯಿಂದ ಈ ಭಾಗದ ಕಾಲೇಜುಗಳ ಶೇ 70ರಷ್ಟು ಸೀಟು ಸ್ಥಳೀಯರಿಗೆ ಮೀಸಲು. ಹಾಗೆ ಕಲಿತು ಬಂದವರಲ್ಲಿ ಯಾರಿಗೆ ಯಾವ ಮಾತು ಬರುತ್ತದೆ ಎಂಬುದನ್ನು ಉಪಕೇಂದ್ರ ಹಂಚುವ ಕೌನ್ಸೆಲಿಂಗ್‌ನಲ್ಲಿ ಬರೆದುಕೊಳ್ಳಬೇಕು. ಮರಾಠಿ ಬಲ್ಲವರನ್ನು ಮೆಹಕರ್ ಕಡೆಗೆ, ತೆಲುಗು ಬಲ್ಲವರನ್ನು ತೆಲಂಗಾಣದ ಅಂಚಿಗೆ ಕಳಿಸಲು ಹೊಸ ಅನುದಾನವೇನೂ ಬೇಕಿಲ್ಲ, ಅರ್ಜಿಯಲ್ಲಿ ಒಂದು ಕಾಲಂ ಸಾಕು.